ತ್ಸರಿಯ ಹುಳಿ

ಸರದಿಯ ಕೋಲು ಬಾಗಿಲಿಗೆ ಒರಗಿ ನಿಂತದ್ದನ್ನು ಸ್ಕರ್ಮ ನೋಡಿದ್ದು ಬೆಳಿಗ್ಗೆ ಹಾಲು ಕರೆಯಲು ಹೊರಟಾಗ. ನಿನ್ನೆ ಸಂಜೆಯೇ ಯಾರೋ ತಂದಿಟ್ಟು, ಕೂಗದೆ ಹೋಗಿದ್ದರು. ಕೋಲು ಯಾರ ಬಾಗಿಲಿಗೆ ಬರುತ್ತದೋ ಆ ಮನೆಯವರು ಮಾರನೆಯ ದಿನ ಊರಿನ ಅಷ್ಟೂ ಆಡು ಕುರಿಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗಬೇಕು. ಅಕ್ಕಪಕ್ಕದ ಎರಡು ಮನೆಗಳಿಗೆ ಸೇರಿ ಒಂದು ಸರದಿ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೋಲು ಮೊದಲು ಹೋಗುತ್ತಿದ್ದದ್ದು ಗೋಡೆಯಾಚೆಯ ಮೊರುಪ್ ಮುದುಕನ ಬಾಗಿಲಿಗೆ. ಒಂಟಿ ಮನುಷ್ಯ. ಅವನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಂದು ಗೋಡೆಯ ಮೇಲಿಂದ ತಲೆ ಹಾಕಿ, "ಏಳು ಸ್ಕರ್ಮ, ಕೋಲು ಬಂತು, ನಾಳೆ ಇಡೀ ಬೆಟ್ಟಕ್ಕೆ ನಾವಿಬ್ಬರೇ ಯಜಮಾನರು" ಎಂದು ಕೂಗುತ್ತಿದ್ದ. ಈಗ ಕೋಲು ಅವನ ಬಾಗಿಲನ್ನು ಬಿಟ್ಟು ಬಂದಿದೆ. ಬರುತ್ತದೆಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಅದು ದಾರಿಯಲ್ಲೆಲ್ಲೋ ಕಳೆದುಹೋಗಲಿ ಎಂದು ಹುಚ್ಚುಹುಚ್ಚಾಗಿ ಆಸೆಪಟ್ಟಿದ್ದಳು. ಊರಿನವರ ಅಂಗೈ ಸವರಿ ಸವರಿ ಮಿರಿಮಿರಿ ಮಿಂಚುವ ಅದರ ತಲೆಯನ್ನು ಮುಟ್ಟಲು ಮನಸ್ಸಾಗದೆ, ಕೋಲನ್ನು ಬಳಸಿಕೊಂಡು ಕೊಟ್ಟಿಗೆಗೆ ಹೋದಳು.

ಒಲೆಯ ಪಕ್ಕದ ಹಾಸಿಗೆಯಲ್ಲಿ ಅಬಿ, ಅಂದರೆ ಅವಳ ಅತ್ತೆ, ಆಗಲೇ ಎದ್ದು ಕೂತು ಜಪದ ಮಣಿ ಎಣಿಸುತ್ತಿದ್ದಳು. ಕಾಲು ಬಿದ್ದುಹೋದ ಮೇಲೆ ಅವಳ ಕಣ್ಣು ಕಿವಿ ಎರಡು ಪಟ್ಟು ಚುರುಕಾಗಿದ್ದವು. ಸ್ಕರ್ಮ ಉಪ್ಪಿನ ಚಹಾಕ್ಕೆ ಬೆಣ್ಣೆ ಹಾಕಿ ಕಡೆದು ಬಟ್ಟಲಿಗೆ ಸುರಿದಳು. ಅಬಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ ಮುಂದಕ್ಕೆ ಚಾಚಿದಳು. ಬೆಣ್ಣೆ ಸಾಲದು ಎಂದರ್ಥ. ಎರಡು ತಿಂಗಳ ಹಿಂದೆ ಹೀಗೆ ಬಟ್ಟಲು ಚಾಚಿದ್ದರೆ ಸ್ಕರ್ಮ, "ನಿಮ್ಮ ಮಗ ಕಣಿವೆಯಾಚೆ ಸೈನ್ಯದ ಮೂಟೆ ಹೊರ್ತಿದ್ದಾನೆ, ಬೆಣ್ಣೆ ಹೊಳೆ ಹರಿಸ್ತಿಲ್ಲ" ಎಂದು ಎದುರಾಡುತ್ತಿದ್ದಳು. ಈಗ ಸುಮ್ಮನೆ ಇನ್ನೊಂದು ಉಂಡೆ ಹಾಕಿದಳು.

"ಇವತ್ತು ನಿಂದಾ ಸರದಿ?"

"ಹ್ಞೂ. ಯಾಂಗ್ಜೆಸ್ ಜೊತೆಗೆ ಬರ್ತಾಳೆ."

"ಮೇಲಾ, ಕೆಳಗಾ?"

ಒಲೆಗೆ ಸಗಣಿಯ ಬೆರಣಿ ಇಡುತ್ತಿದ್ದ ಸ್ಕರ್ಮಳ ಕೈ ನಿಂತಿತು. "ಅವಳು ಚಿಕ್ಕವಳು. ಅವಳೇ ಮೇಲೆ ಹೋಗ್ಲಿ. ನಾನು ಕೆಳಗಿರ್ತೀನಿ."

"ಹಾಗಾದ್ರೆ ನನಗೆ ಒಣ ತ್ಸರಿಯೂ ಸಿಗಲ್ಲ ಬಿಡು" ಎಂದಳು ಅಬಿ, ಚಹಾ ಊದುತ್ತಾ. "ಕೆಳಗೆ ಎಲ್ಲಿ ಬೆಳೆಯುತ್ತೆ ಅದು!"

ಸ್ಕರ್ಮ ಬೆರಣಿಯನ್ನು ಒಲೆಯ ಬಾಯಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟಳು. ಅಬಿ ಒಂದು ದಿನವೂ ನೇರವಾಗಿ ಕೇಳಿದವಳಲ್ಲ. ಎರಡು ತಿಂಗಳ ಹಿಂದಿನ ಆ ಸಂಜೆ, ಊರೆಲ್ಲ ತೋಳ ಕೊಂದ ಆಡುಗಳ ಸುತ್ತ ಕೂಡಿ ಬಾಯಿ ಬಡಿದುಕೊಳ್ಳುತ್ತಿದ್ದಾಗ, ಸ್ಕರ್ಮ ಮನೆಗೆ ಓಡಿ ಬಂದು ಮಡಿಲಲ್ಲಿದ್ದ ತ್ಸರಿಯ ಕಾಯಿಗಳನ್ನೆಲ್ಲ ಈ ಮುದುಕಿಯ ಕೈಗೆ ಸುರಿದಿದ್ದಳು. ಯಾಕೆ ಹಾಗೆ ಮಾಡಿದಳೋ! ಒಲೆಗೆ ಹಾಕಬಹುದಿತ್ತು, ಆಡಿಗೆ ಹಾಕಬಹುದಿತ್ತು. ಮುದುಕಿ ಹಸಿರು ಬುರುಡೆಕಾಯಿ ಒಡೆದು ಕಾಳನ್ನು ವಸಡಲ್ಲೇ ಜಗಿದು, ಹುಳಿಗೆ ಕಣ್ಣು ಮುಚ್ಚಿ, ತೆರೆದು, ಸೊಸೆಯ ಬೆರಳುಗಳನ್ನು ನೋಡಿದಳು. ತ್ಸರಿಯ ಮೈತುಂಬ ಅಂಟುರೋಮ. ಬಯಲುಸೀಮೆಯ ಕಡಲೆ ಹೊಲದಲ್ಲಿ ನಡೆದವರ ಕಾಲಿಗೆ ಹುಳಿ ಹತ್ತುವ ಹಾಗೆ ಇದನ್ನು ಕಿತ್ತವರ ಬೆರಳಿಗೂ ಹುಳಿ ಹತ್ತುತ್ತದೆ, ಅದರ ಮೇಲೆ ಬೆಟ್ಟದ ದೂಳು ಕೂತು ಕಪ್ಪಾಗುತ್ತದೆ. ಅಬಿ ಆ ಕಪ್ಪನ್ನು ನೋಡಿದಳು, ಹೊರಗಿನ ಗಲಾಟೆಯನ್ನು ಕೇಳಿಸಿಕೊಂಡಳು, ಆಮೇಲೆ ಇಷ್ಟೇ ಹೇಳಿದ್ದು: "ಕೈ ತೊಳಕೋ. ಬಾಗಿಲು ಮುಚ್ಚು, ಗಾಳಿ ಬರ್ತಿದೆ."

ಇವತ್ತು ಹೇಳಿಬಿಡಬೇಕು ಎಂದು ಅವಳು ನಿಶ್ಚಯಿಸಿಕೊಂಡಳು. ಊರಿಗಲ್ಲ, ಮೊದಲು ಮೊರುಪ್‌ನಿಗೆ. ಅವನು ಇಂದು ಸ್ತೂಪದ ಹತ್ತಿರ ತನ್ನ ನಾಲ್ಕು ಆಡುಗಳನ್ನು ಬಿಡಲು ಬಂದೇ ಬರುತ್ತಾನೆ. ಪಕ್ಕಕ್ಕೆ ಕರೆದು, ಮೇಮೆ, ಅಜ್ಜಾ, ಆವತ್ತು ಮೇಲಿದ್ದವಳು ನಾನು, ಎಂದುಬಿಡಬೇಕು. ಒಂದು ಮಾತು. ಅದನ್ನು ಹೇಳಿದರೆ ಕೋಲು ಮುದುಕನ ಬಾಗಿಲಿಗೆ ಮರಳುತ್ತದೆ, ತನ್ನ ಬಾಗಿಲಿಗೆ ತಪ್ಪುತ್ತದೆ, ತಪ್ಪಲಿ. ಹಾಗೆಂದುಕೊಂಡ ಕೂಡಲೇ ಮನಸ್ಸು ಸ್ವಲ್ಪ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಮುದುಕನ ಮಾನ ಉಳಿಸುವುದಕ್ಕಿಂತ ತನ್ನ ಹೊಟ್ಟೆಯೊಳಗಿನ ಸಂಕಟ ಕಳೆಯುವುದೇ ಅವಳಿಗೆ ದೊಡ್ಡದಾಗಿತ್ತು ಎನ್ನುವುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಕೋಲನ್ನು ಕೈಗೆತ್ತಿಕೊಂಡಳು. ಬೆಳಗಿನ ಚಳಿಗೆ ಅದು ತಣ್ಣಗೆ ಕೊರೆಯುತ್ತಿತ್ತು.

ಸ್ತೂಪದ ಬಳಿ ದೂಳು, ಬ್ಯಾ ಬ್ಯಾ ಸದ್ದು, ಹೆಂಗಸರ ನಗು. ಇನ್ನೊಂದು ಪಕ್ಕದ ಮನೆಯ ಯಾಂಗ್ಜೆಸ್ ತಲೆಗೆ ಗುಲಾಬಿ ಬಣ್ಣದ ಬಟ್ಟೆ ಕಟ್ಟಿಕೊಂಡು, ಮದುವೆಗೆ ಹೊರಟವಳಂತೆ ನಿಂತಿದ್ದಳು. ಅವಳ ಮನೆಗೆ ಇದು ಬಡ್ತಿ. ಮೊರುಪ್‌ನ ಜಾಗಕ್ಕೆ ಅವರನ್ನು ಸೇರಿಸಿದ್ದರು. ಮೊರುಪ್ ಆಗಲೇ ಬಂದಿದ್ದ. ತೊಳೆದ ಗೊಂಚಾ ನಿಲುವಂಗಿ ತೊಟ್ಟು, ನಡು ಬಿಗಿದು, ಬೆನ್ನಿಗೆ ಊಟದ ಗಂಟು ಕಟ್ಟಿಕೊಂಡಿದ್ದ. ಸ್ಕರ್ಮ ಮೊದಲು ನೋಡಿದ್ದು ಆ ಗಂಟನ್ನೇ. ಆಡು ಬಿಟ್ಟು ಮನೆಗೆ ಹೋಗುವವನು ಊಟ ಕಟ್ಟಿಕೊಂಡು ಬರುವುದಿಲ್ಲ.

"ಏನ್ ಮೇಮೆ, ಎಲ್ಲಿಗೆ ಸವಾರಿ?" ಎಂದು ಗಿರಣಿಯ ಮನೆಯವಳು ಕೇಳಿದಳು. "ತೋಳದ ಮನೆಗಾ? ನಮ್ಮ ಕಡೆಯಿಂದಲೂ ಜುಲೇ ಹೇಳಿ. ಹೋದ ಸಲದ ಊಟ ಸೇರಿತಾ ಕೇಳಿ."

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಊರಲ್ಲಿ ಒಬ್ಬರನ್ನೊಬ್ಬರು ಕಿಚಾಯಿಸುವ ನಗುವೇ. ಮೊರುಪ್ ಕೂಡ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಹೇಳ್ತೀನಮ್ಮ, ಹೇಳ್ತೀನಿ. ಮುಂದಿನ ಸಲ ನಿನ್ನನ್ನೇ ಊಟಕ್ಕೆ ಕರೆಸ್ಕೋ ಅಂತೀನಿ." ಅವನ ಉತ್ತರಕ್ಕೆ ಇನ್ನೂ ದೊಡ್ಡ ನಗೆ ಎದ್ದಿತು. ಅವನು ಆ ನಗುವಿನ ನಡುವೆಯೇ, ನಗು ಇನ್ನೂ ಮುಗಿದಿರದ ಮುಖವನ್ನು ಸ್ಕರ್ಮಳ ಕಡೆ ತಿರುಗಿಸಿ, ಮಗು ತಿಂಡಿ ಕೇಳುವ ಹಾಗೆ ಮೆಲ್ಲಗೆ, "ನಾನೂ ಬರ್ಲಾ? ಸರದಿಗಲ್ಲ. ಸುಮ್ನೆ. ಹಿಂದೆ ಹಿಂದೆ ಬರ್ತೀನಿ, ಯಾರಿಗೂ ತೊಂದರೆ ಇಲ್ಲ" ಎಂದ. ಅವಳು ಆಗಲೇ ಹೇಳಬಹುದಿತ್ತು. ಹೆಂಗಸರೆಲ್ಲ ಇದ್ದರು, ಗೋಬಾ ಕೂಡ, ಊರಿನ ಹಿರಿತನ ಮಾಡುವವನು, ಅಲ್ಲೇ ಕಲ್ಲಿನ ಮೇಲೆ ಕೂತು ಆಡುಗಳ ಲೆಕ್ಕ ನೋಡುತ್ತಿದ್ದ. ಅವಳು ತಲೆಯಾಡಿಸಿದಳು, ಅಷ್ಟೆ. ಮಂದೆ ಹೊರಟಿತು.

ಕಣಿವೆಯ ಜವೆಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು. ಅವುಗಳಿಂದ ಮೇಲಕ್ಕೆ ಹಸಿರು ಎನ್ನುವುದೇ ಇಲ್ಲ. ಬರಿಯ ಕಂದು, ಬೂದಿ, ಕೆಂಪು ಕಲ್ಲು, ಅದರ ಮೇಲೆ ಹಿಮ, ಅದರ ಮೇಲೆ ನೋಡಲಾಗದಷ್ಟು ನೀಲಿ. ಯಾಂಗ್ಜೆಸ್ ಏದುಸಿರು ಬಿಡುತ್ತಲೇ ಮಾತಾಡುತ್ತಿದ್ದಳು: ತನ್ನ ನಾದಿನಿ ಲೇಹ್‌ನಿಂದ ತಂದ ಪ್ರೆಶರ್ ಕುಕ್ಕರಿನ ಸೀಟಿ ಕೇಳಿ ಅತ್ತೆ ದೆವ್ವವೆಂದು ಓಡಿದ್ದು, ಏಪ್ರಿಕಾಟ್ ಈ ಸಲ ಹುಳ ಹಿಡಿದದ್ದು. ಸ್ಕರ್ಮ ಹ್ಞೂ ಹ್ಞೂ ಎನ್ನುತ್ತಿದ್ದಳು. ಅವಳ ಕಣ್ಣು ಮುಂದೆ ಹೋಗುತ್ತಿದ್ದ ಮುದುಕನ ಹಿಮ್ಮಡಿಯ ಮೇಲಿತ್ತು. ಹಿಂದೆ ಹಿಂದೆ ಬರುತ್ತೇನೆಂದವನು ಮಂದೆಯನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದ. ಮಂದೆ ಕಾಯುವುದಕ್ಕೆ ಇಲ್ಲಿ ಒಂದು ಕಟ್ಟು ಇದೆ. ಇಬ್ಬರಲ್ಲಿ ಒಬ್ಬರು ಮಂದೆಗಿಂತ ಮೇಲೆ, ದಿಬ್ಬದ ಅಂಚಿನಲ್ಲಿರಬೇಕು. ಇನ್ನೊಬ್ಬರು ಕೆಳಗೆ. ತೋಳ ಯಾವತ್ತೂ ಮೇಲಿನಿಂದಲೇ ಇಳಿಯುವುದು. ಮಂಜು ಕವಿದು ಕಣ್ಣಿಗೆ ಕಾಣದಾದರೆ ಕೆಳಗಿನವರು "ಮೇಲೆ ಯಾರು?" ಎಂದು ಕೂಗಬೇಕು, ಮೇಲಿನವರು ಹೆಸರು ಹೇಳಿ "ಮೇಲಿದ್ದೀನಿ" ಎನ್ನಬೇಕು. ಉತ್ತರ ಬಾರದಿದ್ದರೆ ಕೆಳಗಿನವರು ಏನೇ ಇರಲಿ ಬಿಟ್ಟು ಮೇಲೆ ಹತ್ತಬೇಕು. ಈ ಊರಿನ ಮಕ್ಕಳು ಅಮ್ಮ ಅಪ್ಪ ಎನ್ನುವ ಹೊತ್ತಿಗೆ ಇದನ್ನೂ ಕಲಿತಿರುತ್ತಾರೆ, ಮನೆಯ ಏಣಿಯ ಮೇಲೆ ಒಬ್ಬ, ಕೆಳಗೆ ಒಬ್ಬ ನಿಂತು ಕೂಗಾಡಿ ಆಡುತ್ತಾರೆ.

ಕೆಂಪು ಜಾರುಗಲ್ಲಿನ ಇಳಿಜಾರು ಬಂದಾಗ ಸ್ಕರ್ಮಳ ಕಾಲು ತಾನಾಗಿ ನಿಧಾನವಾಯಿತು. ಇಲ್ಲಿಂದ ಮೇಲಕ್ಕೇ ತ್ಸರಿ. ಕಾಲಿಟ್ಟರೆ ಕಲ್ಲಿನ ಜೊತೆ ಮನುಷ್ಯನೂ ಜಾರುವ ಜಾಗ. ಮಣ್ಣಿಲ್ಲ, ನೀರಿಲ್ಲ. ಆದರೂ ಕಲ್ಲುಗಳ ಸಂದಿಯಿಂದ ಎದ್ದು, ಎಲೆಯ ತುದಿಯ ಎಳೆಗಳಿಂದ ಕಲ್ಲನ್ನೇ ಸುತ್ತಿಕೊಂಡು ಅದು ಹರಡುತ್ತದೆ. ಚಳಿಗಾಲದಲ್ಲಿ ಮೇಲಿನದೆಲ್ಲ ಸತ್ತು, ಹಿಮ ಬಿದ್ದು, ಬಂಡೆ ಉರುಳಿ ಮುಚ್ಚಿಹೋದರೂ ಬೇರು ಎಲ್ಲೋ ಆಳದಲ್ಲಿದ್ದು, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಹುಡುಗಿಯಾಗಿದ್ದಾಗ ಅವಳ ತವರಿನ ಹಿತ್ತಿಲ ಬೆಟ್ಟದಲ್ಲೇ ಅದು ಬೆಳೆಯುತ್ತಿತ್ತು. ಅಕ್ಕನೂ ಅವಳೂ ನೇರಳೆ ಹೂವನ್ನು ಕಿವಿಗಿಟ್ಟುಕೊಂಡು, ಕಾಯಿಯ ಉಬ್ಬಿದ ಬುರುಡೆಯನ್ನು ಹಣೆಗೆ ಕುಕ್ಕಿ ಟಪ್ ಎನ್ನಿಸಿ ಒಡೆದು ತಿನ್ನುತ್ತಿದ್ದರು. ಸಂಜೆ ಅಮ್ಮ ಕಪ್ಪು ಬೆರಳು ನೋಡಿ ಬೈಯುತ್ತಿದ್ದಳು. ಈ ಊರಲ್ಲಿ ಯಾರೂ ಅವಳ ಬೆರಳು ನೋಡಿದವರಿಲ್ಲ. ಗಂಡ ವರ್ಷಕ್ಕೆ ಮೂರು ತಿಂಗಳು ಮನೆಯಲ್ಲಿ, ಉಳಿದಂತೆ ಅವಳೆಂದರೆ ನೀರು, ಸಗಣಿ, ಒಲೆ, ಅಬಿಯ ಮಲಮೂತ್ರ. ದಿನವಿಡೀ ಸ್ಕರ್ಮ ಸ್ಕರ್ಮ ಎಂದು ಯಾರೋ ಒಬ್ಬರು ಕರೆಯುತ್ತಲೇ ಇರುತ್ತಾರೆ.

ಆವತ್ತು ಮೇಲೆ ಅವಳೇ ಇದ್ದಳು. ಆಡುಗಳಿಗೂ ತ್ಸರಿಯೆಂದರೆ ಪ್ರಾಣ. ಅವು ನುಗ್ಗುವ ಮೊದಲು ನಾಲ್ಕು ಕಾಯಿ ಕೀಳೋಣವೆಂದು ದಿಬ್ಬದ ಅಂಚನ್ನು ಬಿಟ್ಟು ಜಾರುಗಲ್ಲಿಗೆ ಇಳಿದಳು. ಅಬಿಗಾಗಿ ಎಂದುಕೊಂಡದ್ದು ಆಮೇಲೆ, ಮಡಿಲು ತುಂಬಿದ ಮೇಲೆ. ಮೊದಲು ಬಾಯಿಗೇ ಹಾಕಿಕೊಂಡಳು. ಹುಳಿಗೆ ದವಡೆ ಜುಮ್ಮೆಂದು ನೀರು ತುಂಬಿ, ಕಣ್ಣಲ್ಲೂ ನೀರು ಬಂತು. ಬಿಳಿ ಮಂಜು ಕೆಳಗಿನಿಂದ ಏರಿ ಬಂದು ಊರು, ಮಂದೆ, ಕೊನೆಗೆ ಅವಳ ಕಾಲೂ ಮುಚ್ಚಿತು. ಆಹಾ, ಎಷ್ಟು ಸುಖವಾಗಿತ್ತು! ಯಾರಿಗೂ ಕಾಣದೆ, ಯಾರ ಸೊಸೆಯೂ ಅಲ್ಲದೆ, ಕಲ್ಲಿನ ಮೇಲೆ ಕೂತು ತಿನ್ನುತ್ತಲೇ ಇದ್ದಳು. ಕೆಳಗಿನಿಂದ ಮೊರುಪ್ ಕೂಗಿದ, "ಮೇಲೆ ಯಾರು?" ಅವಳಿಗೆ ಚೆನ್ನಾಗಿ ಕೇಳಿಸಿತು. ಬಾಯಿ ತುಂಬಿತ್ತು ಎಂದು ಆಮೇಲೆ ತನಗೆ ತಾನು ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಸುಳ್ಳು. ಬಾಯಿ ಖಾಲಿಯಾದ ಮೇಲೂ ಅವನು ಕೂಗಿದ, ಧ್ವನಿ ಏರಿಸಿ, ಒಡೆದ ಗಂಟಲಲ್ಲಿ, ಮತ್ತೆ ಮತ್ತೆ ಕೂಗಿದ. ಒಂದು ಗಳಿಗೆಯಾದರೂ ಯಾರೂ ನನ್ನನ್ನು ಕೇಳಬಾರದು ಎಂದು ಹಟ ಹಿಡಿದವಳ ಹಾಗೆ ಅವಳು ಇನ್ನೊಂದು ಕಾಯಿ ಒಡೆದಳು. ಆಮೇಲೆ ಆಡುಗಳು ಕಿರುಚತೊಡಗಿದವು.

ಮಂಜು ಹರಿದಾಗ ಅವಳು ಜಾರುಗಲ್ಲಿನಿಂದ ಉರುಳಿಕೊಂಡೇ ಕೆಳಗೆ ಬಂದಿದ್ದಳು. ಮುದುಕ ಅವಳನ್ನು ಹುಡುಕುತ್ತ ಮೇಲೆ ಹತ್ತಿದ್ದ. ಊರಿನಿಂದ ಗಂಡಸರು ಓಡಿ ಬಂದು ನೋಡಿದಾಗ ಮೇಲೆ, ಗಂಟಲು ಹರಿದ ಆಡುಗಳ ನಡುವೆ, ನಿಂತಿದ್ದವನು ಅವನು. ಯಾರದೋ ಹಾಲು ಕೊಡುವ ಮೇಕೆಯ ಕುತ್ತಿಗೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡು, ರಕ್ತ ನಿಲ್ಲಿಸಲು ನೋಡುತ್ತಿದ್ದ. ಗೋಬಾ ಏದುತ್ತ, "ಮೇಲೆ ಯಾರಿದ್ರು? ಮೇಲೆ ಇದ್ದವರು ಯಾರು?" ಎಂದ. ಮೊರುಪ್ ಎಲ್ಲರ ಮುಖ ನೋಡಿದ. ಎರಡು ವರ್ಷಗಳಿಂದ ಅವನಿಗೆ ಮರೆವು ಹತ್ತಿತ್ತು. ಒಲೆ ಹಚ್ಚಿದ್ದು, ಬಾಗಿಲು ತೆರೆದದ್ದು ಮರೆಯುತ್ತಿದ್ದ, ಮರೆತದ್ದನ್ನು ಸ್ಕರ್ಮಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಆಗಲೂ ಅವಳ ಕಡೆಗೇ ತಿರುಗಿದ. "ಹೇಳು ಮಗಳೇ. ನಾನು ಮೇಲಿದ್ದೆನೋ ಕೆಳಗಿದ್ದೆನೋ? ಒಂದೂ ತೋಚ್ತಿಲ್ಲ ನೋಡು."

ಅವಳು, "ಮೇಲೆ" ಎಂದಳು.

"ಹಾಗಾದ್ರೆ ನಾನೇ" ಎಂದ ಅವನು, ಮೇಕೆಯ ಕುತ್ತಿಗೆ ಬಿಡದೆ.

ಊರು ಅವನಿಗೆ ದಂಡ ಹಾಕಲಿಲ್ಲ. ಬಹಿಷ್ಕಾರ ಹಾಕಿ ಬೆಂಕಿ ನೀರು ನಿಲ್ಲಿಸಲಿಲ್ಲ. ವಯಸ್ಸಾಯಿತು ಮೇಮೆ, ಇನ್ನು ವಿಶ್ರಾಂತಿ ತಗೊಳ್ಳಿ, ನಿಮ್ಮ ಆಡುಗಳನ್ನು ನಾವೇ ಮೇಯಿಸುತ್ತೇವೆ ಎಂದರು. ಸರದಿ ಇಲ್ಲದ ಮನೆ ಎಂದರೆ ಹೊಗೆ ಇಲ್ಲದ ಮನೆ ಎಂದು ಎಲ್ಲರಿಗೂ ಗೊತ್ತು. ಅಂದಿನಿಂದ ಸಂಜೆಯಾದರೆ ಮೊರುಪ್ ಬಾಗಿಲಲ್ಲಿ ನಿಂತು, ಕೋಲು ಇಂದು ಯಾವ ಮನೆಗೆ ಹೋಯಿತೆಂದು ಕತ್ತು ಚಾಚಿ ನೋಡುವುದು ಸ್ಕರ್ಮಳ ಅಟ್ಟದ ಕಿಟಕಿಗೆ ಕಾಣುತ್ತಿತ್ತು. ಅವಳು ಆ ಕಿಟಕಿಗೆ ಗೋಣಿತಟ್ಟು ಕಟ್ಟಿದಳು.

ಮಧ್ಯಾಹ್ನ ಮೂವರೂ ಬಂಡೆಯ ಮರೆಯಲ್ಲಿ ಊಟಕ್ಕೆ ಕೂತರು. ಜವೆ ಬಟಾಣಿ ಹಿಟ್ಟಿನ ಮುದ್ದೆ ಪಾಬಾ, ಮಜ್ಜಿಗೆಯಲ್ಲಿ ಕಲಸಿದ ಸೊಪ್ಪು. ಮೊರುಪ್ ತನ್ನ ಗಂಟು ಬಿಚ್ಚಿದ. ಒಳಗೆ ಬರಿಯ ಹುರಿಹಿಟ್ಟು. ಸ್ಕರ್ಮ ತನ್ನ ಪಾಬಾದ ಅರ್ಧ ಮುರಿದು ಅವನ ಮುಂದಿಟ್ಟಳು. ಅವನು ಖುಷಿಯಾಗಿ ತಿಂದ. ಯಾಂಗ್ಜೆಸ್ ನೀರು ತರಲು ತೊರೆಗೆ ಇಳಿದದ್ದೇ ತಡ, ಸ್ಕರ್ಮ ತಲೆ ಎತ್ತದೆ, ಉಗುರಿನಿಂದ ಕಲ್ಲು ಕೆರೆಯುತ್ತ ಶುರುಮಾಡಿದಳು.

"ಮೇಮೆ, ಆವತ್ತು ಮೇಲಿದ್ದವಳು ನಾನು."

"ಯಾವತ್ತು?"

"ತೋಳ ಬಂದ ದಿನ. ನೀವು ಕೆಳಗಿದ್ರಿ. ನಾನು ತ್ಸರಿ ತಿನ್ನೋಕೆ ಅಂಚು ಬಿಟ್ಟು ಇಳಿದೆ. ನೀವು ಕೂಗಿದ್ರಿ, ನಾನು ಓಗೊಡಲಿಲ್ಲ. ಗೋಬಾ ಎದುರು ಸುಳ್ಳು ಹೇಳಿದೆ. ನಿಮ್ಮದು ಏನೂ ತಪ್ಪಿಲ್ಲ."

ಹೇಳಿಯಾಯಿತು. ಆಕಾಶ ಬೀಳಲಿಲ್ಲ. ಎಲ್ಲೋ ಒಂದು ಕಲ್ಲು ಜಾರಿದ ಸದ್ದಾಯಿತು. ಅವಳು ಹೆದರುತ್ತ ತಲೆ ಎತ್ತಿದಳು. ಹೊಡೆಯಲಿ, ಉಗಿಯಲಿ, ಅಳಲಿ ಎಂದು ಕಾದಳು. ಮೊರುಪ್ ಅವಳನ್ನು ಬಹಳ ಪ್ರೀತಿಯಿಂದ ನೋಡುತ್ತಿದ್ದ.

"ಅಯ್ಯೋ ಹುಚ್ಚಿ" ಎಂದ. "ನನ್ನ ಸಲುವಾಗಿ ಇಷ್ಟು ದೊಡ್ಡ ಸುಳ್ಳಾ?"

"ಸುಳ್ಳಲ್ಲ ಮೇಮೆ. ಆಣೆ ಮಾಡ್ತೀನಿ."

"ಆಣೆ ಗೀಣೆ ಬೇಡ, ಪಾಪ ಸುತ್ತಿಕೊಳ್ಳುತ್ತೆ. ನನಗೆ ಮೊದಲು ನೆನಪಿರಲಿಲ್ಲ, ನಿಜ. ಆಮೇಲೆ ಒಂದೊಂದೇ ಬಂತು. ಈಗ ಕಣ್ಣಿಗೆ ಕಟ್ಟಿದ ಹಾಗಿದೆ." ಅವನು ಕೈಚಾಚಿ ಮೇಲಿನ ದಿಬ್ಬ ತೋರಿಸಿದ. "ಆ ಒಡೆದ ಬಂಡೆ ಇದೆಯಲ್ಲ, ಅದಕ್ಕೆ ಒರಗಿದ್ದೆ. ಮಂಜು ಬಂತು. ಸುಖವಾಗಿತ್ತು ಕಣೆ, ಕಣ್ಣು ಎಳೆದುಕೊಂಡು ಹೋಯ್ತು. ತೋಳ ನನ್ನ ಕಾಲ ಹತ್ತಿರಾನೇ ದಾಟಿತು, ನಾತ ಬಡೀತು. ಕನಸು ಅಂದ್ಕೊಂಡೆ."

"ಇಲ್ಲ. ನೀವು ಅಲ್ಲಿರಲೇ ಇಲ್ಲ."

"ನೀನು ಕೆಳಗಿಂದ ಕೂಗ್ತಾ ಇದ್ದೆ. ಮೇಲೆ ಯಾರು, ಮೇಲೆ ಯಾರು ಅಂತ. ಎಲ್ಲ ಕೇಳಿಸ್ತಿತ್ತು ನನಗೆ. ಬಾಯೇ ಬರಲಿಲ್ಲ."

"ಕೂಗಿದ್ದು ನೀವು! ನಿಮ್ಮ ಧ್ವನಿ ಅದು!"

"ನನ್ನ ಧ್ವನಿ ನನಗೆ ಗೊತ್ತಾಗಲ್ವಾ? ಹೆಂಗಸಿನ ಧ್ವನಿ. ಅಳು ಬೆರೆತಿತ್ತು. ದಿನಾ ಕೇಳಿಸುತ್ತೆ ನನಗೆ, ಮಲಗಿದಾಗ."

ಅವಳು ಅವನ ತೋಳು ಹಿಡಿದು ಅಲುಗಿಸಿದಳು. ಅಬಿಗೆ ಕೊಟ್ಟ ಕಾಯಿಗಳ ವಿಷಯ ಹೇಳಿದಳು, ಕಪ್ಪು ಬೆರಳಿನ ವಿಷಯ ಹೇಳಿದಳು. ತ್ಸರಿ ಕೆಳಗೆ ಎಲ್ಲಾದರೂ ಬೆಳೆಯುತ್ತದೆಯೇ, ಬೇಕಿದ್ದರೆ ಅಬಿಯನ್ನೇ ಕೇಳಿ ಎಂದಳು. ಹೇಳುವಾಗಲೇ, ಅಬಿ ಆ ಹಾಸಿಗೆಯಲ್ಲಿ ಕೂತು ಯಾವ ತ್ಸರಿ, ಯಾರು ಕೊಟ್ಟರು ಎಂದು ಮಣಿ ಎಣಿಸುವುದು ಅವಳಿಗೆ ಕಾಣಿಸಿತು. ಮೊರುಪ್ ತಾಳ್ಮೆಯಿಂದ ಕೇಳಿದ. "ನಾನೇ ಕಿತ್ತು ಕೊಟ್ಟಿರಬೇಕು" ಎಂದ. "ನಿನಗೆ ಇಷ್ಟ ಅಲ್ವಾ ಅದು." ಆಮೇಲೆ ಅವಳ ಕೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡು, ಧ್ವನಿ ತಗ್ಗಿಸಿ, ಬೇಡಿಕೊಳ್ಳುವವನಂತೆ ಹೇಳಿದ: "ಮಗಳೇ, ನನಗೆ ಹೆಂಡತಿಯ ಮುಖ ಮರೆತು ಹೋಗಿದೆ. ನಿನ್ನೆ ಏನು ತಿಂದೆ, ಗೊತ್ತಿಲ್ಲ. ಇದೊಂದು ಮಾತ್ರ ಅಳಿಸಿಲ್ಲ. ನನ್ನ ತಪ್ಪು ನನಗೆ ನೆನಪಿದೆ. ಅದನ್ನೂ ಇಲ್ಲ ಅನ್ನಬೇಡ. ಇಲ್ಲ ಅಂದ್ರೆ ನನ್ನ ತಲೇಲಿ ಇನ್ನೇನು ಉಳಿಯುತ್ತೆ ಹೇಳು?"

ಯಾಂಗ್ಜೆಸ್ ನೀರಿನ ಡಬ್ಬ ಹಿಡಿದು ಬಂದವಳು ಇಬ್ಬರ ಮುಖವನ್ನೂ ನೋಡಿದಳು. "ಏನಾಯ್ತು? ಯಾಕಕ್ಕಾ ಅಳ್ತಿದ್ದೀಯ?"

"ನೋಡಮ್ಮ ಇವಳನ್ನ" ಎಂದ ಮೊರುಪ್, ಹೆಮ್ಮೆಯಿಂದ. "ಆವತ್ತು ಮೇಲಿದ್ದವಳು ತಾನು ಅಂತಾಳೆ. ನನ್ನ ಪಾಪ ತಾನು ಹೊರ್ತಾಳಂತೆ. ಊರಲ್ಲಿ ಇಂಥವಳು ಇನ್ನೊಬ್ಬಳು ಇದ್ದಾಳಾ?"

"ನಿಜ ಯಾಂಗ್ಜೆಸ್, ನಾನೇ ಇದ್ದದ್ದು" ಎಂದು ಸ್ಕರ್ಮ ಕಿರುಚಿದಳು. "ನಾನೇ ಇದ್ದೆ ಮೇಲೆ. ನಾನು ಸುಳ್ಳು ಹೇಳಿದ್ದು."

ಯಾಂಗ್ಜೆಸ್‌ಳ ಕಣ್ಣು ತುಂಬಿ ಬಂತು. ಡಬ್ಬ ಕೆಳಗಿಟ್ಟು ಸ್ಕರ್ಮಳ ಹೆಗಲು ಬಳಸಿದಳು. "ನನಗೆ ಗೊತ್ತು ಅಕ್ಕಾ, ನಿನ್ನ ಮನಸ್ಸು ಎಂಥದ್ದು ಅಂತ. ನೀನು ಪಾಬಾದಲ್ಲಿ ಅರ್ಧ ಮುರಿದು ಕೊಟ್ಟಾಗಲೇ ಅಂದ್ಕೊಂಡೆ. ನಮ್ಮ ಮನೇಲಿ ಎಲ್ಲರಿಗೂ ಹೇಳ್ತೀನಿ ಇದನ್ನ. ಗೋಬಾಗೂ ಹೇಳ್ತೀನಿ." ಅವಳ ಬಟ್ಟೆಯಿಂದ ಹೊಸ ಸೋಪಿನ ವಾಸನೆ ಬರುತ್ತಿತ್ತು. ಆ ಅಪ್ಪುಗೆಯೊಳಗೆ ಸ್ಕರ್ಮ ಕಟ್ಟಿಗೆಯ ಹಾಗೆ ಸೆಟೆದು ಕೂತಳು. ಇನ್ನು ಗೋಬಾನ ಹತ್ತಿರ ಹೋಗಿ ಹೇಳಿದರೆ ಅವನೂ ಹೀಗೇ ತಲೆ ಸವರುತ್ತಾನೆ. ಗಂಡ ಬಂದ ಮೇಲೆ ಹೇಳಿದರೆ ಅವನಿಗೆ ಹೆಮ್ಮೆಯಾಗುತ್ತದೆ. ಒಂದು ಮಾತಿನಲ್ಲಿ ಕಟ್ಟಿದ್ದನ್ನು ಸಾವಿರ ಮಾತಿನಲ್ಲೂ ಒಡೆಯಲಾಗುವುದಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು. ಈ ಊರಿನಲ್ಲಿ ನಿಜ ಗೊತ್ತಿದ್ದವಳು ಇನ್ನು ಅಬಿಯೊಬ್ಬಳೇ. ಅಬಿ ಬೆಣ್ಣೆ ಕೇಳುತ್ತಾಳೆ, ಅಷ್ಟೆ.

ಊಟದ ನಂತರ ಮೊರುಪ್ ಎದ್ದು ನಿಂತು ಸ್ಕರ್ಮಳ ಕೈಯಲ್ಲಿದ್ದ ಕೋಲನ್ನು ಕೇಳಿದ. "ಯಾಂಗ್ಜೆಸ್ ದಣಿದಿದ್ದಾಳೆ. ನಾನು ಮೇಲಿರ್ತೀನಿ. ಇವತ್ತು ಕಣ್ಣು ಮುಚ್ಚಲ್ಲ, ನೋಡ್ತಿರು." ಯಾಂಗ್ಜೆಸ್, ಹೋಗಲಿ ಬಿಡು ಪಾಪ ಎಂಬಂತೆ ಕಣ್ಣು ಮಿಟುಕಿಸಿ ಇಳಿಜಾರಿನ ಬುಡಕ್ಕೆ ಇಳಿದುಹೋದಳು. ಸ್ಕರ್ಮ ಕೋಲು ಕೊಟ್ಟಳು. ಅವನು ಅದನ್ನು ಹಣೆಗೆ ಮುಟ್ಟಿಸಿಕೊಂಡು ಜಾರುಗಲ್ಲು ಹತ್ತತೊಡಗಿದ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿದ್ದ. ನಡುವೆ ಒಂದು ಕಡೆ ಬಗ್ಗಿ ಏನನ್ನೋ ಕಿತ್ತು, ತಿರುಗಿ, ಅವಳಿಗೆ ತೋರಿಸುತ್ತ ಕೈ ಎತ್ತಿ ಆಡಿಸಿದ. ತ್ಸರಿ. ಈ ತಿಂಗಳಲ್ಲಿ ಅದರ ಹಂಬು ಒಣಗಿ ಬೂದಿಬಣ್ಣವಾಗಿರುತ್ತದೆ, ಬುರುಡೆಗಳು ಬಾಯಿ ಬಿಟ್ಟು ಕಾಳು ಕಲ್ಲಿನ ಸಂದಿಗೆ ಬಿದ್ದುಹೋಗಿರುತ್ತವೆ. ಅವನು ಅದನ್ನೇ ಮಡಿಲಿಗೆ ಹಾಕಿಕೊಂಡು ಮತ್ತೆ ಹತ್ತಿದ.

ಬಿಸಿಲು ಇಳಿಮುಖವಾಗುತ್ತಿದ್ದಂತೆ ಕಣಿವೆಯಿಂದ ಮಂಜು ಏಳತೊಡಗಿತು. ಮೊದಲು ಊರು ಹೋಯಿತು, ಸ್ತೂಪ ಹೋಯಿತು, ಯಾಂಗ್ಜೆಸ್‌ಳ ಗುಲಾಬಿ ಬಟ್ಟೆ ಹೋಯಿತು. ಆಡುಗಳು ನೆರಳುಗಳಾಗಿ, ಬರಿಯ ಗಂಟೆಯ ಸದ್ದಾದವು. ಸ್ಕರ್ಮ ಕೆಳಗೆ, ತನ್ನ ಜಾಗದಲ್ಲಿ, ಕಲ್ಲಿನ ಮೇಲೆ ಕೂತಿದ್ದಳು. ಬಾಯಲ್ಲಿ ಏನೂ ಇಲ್ಲದಿದ್ದರೂ ದವಡೆಯಲ್ಲಿ ಆ ಹುಳಿ ಊರಿತು. ಕೂಗಬೇಕಾದವಳು ಅವಳು. ಕಟ್ಟು ಕಟ್ಟೇ. ಬಾಯಿ ತೆರೆದಳು. ಕೂಗಿದರೆ ಅದು ಮುದುಕನ ತಲೆಯೊಳಗಿನ ಹೆಂಗಸಿನ ಧ್ವನಿಯೇ ಆಗುತ್ತದೆ, ಅಳು ಬೆರೆತ ಧ್ವನಿ, ಅವನು ಹೇಳಿದ ಹಾಗೆಯೇ. ಕೂಗದಿದ್ದರೆ ಮತ್ತೊಮ್ಮೆ ಮಂಜಿನಲ್ಲಿ ಬಾಯಿ ಬಿಡದವಳು ತಾನೇ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಹೊತ್ತು ಹೋಗುತ್ತಲೇ ಇತ್ತು. ಮೇಲೆ ಎಲ್ಲೋ ಕಲ್ಲು ಜಾರಿತು. ಒಂದು ಆಡು ಬೆದರಿ ಕೂಗಿತು.

ಕೊನೆಗೆ ಮೇಲಿನಿಂದಲೇ ಧ್ವನಿ ಬಂತು. ಅದು ಯಾವ ಕಟ್ಟಿನಲ್ಲೂ ಇಲ್ಲದ್ದು. ಮೇಲಿನವರು ಎಂದೂ ಕೇಳುವುದಿಲ್ಲ.

"ಕೆಳಗೆ ಯಾರು?" ಮೊರುಪ್ ಕೂಗುತ್ತಿದ್ದ. ಅವನ ಒಡೆದ ಗಂಟಲಲ್ಲಿ ಹೆದರಿಕೆಯಿತ್ತು. "ಕೆಳಗೆ ಯಾರು? ಯಾರಾದ್ರೂ ಇದ್ದೀರಾ? ನಾನು ಮೇಲಿದ್ದೀನಾ, ಕೆಳಗಿದ್ದೀನಾ? ಏನೂ ಕಾಣ್ತಿಲ್ಲ ನನಗೆ. ಮಗಳೇ, ಹೇಳು!"

ಸ್ಕರ್ಮ ಎದ್ದು ನಿಂತಳು. ಮಂಜಿನೊಳಗೆ ತನ್ನ ಕೈಯೇ ತನಗೆ ಕಾಣುತ್ತಿರಲಿಲ್ಲ.

"ನೀವು ಮೇಲಿದ್ದೀರಿ ಮೇಮೆ" ಎಂದು ಕೂಗಿದಳು. "ಕೆಳಗಿರೋದು ನಾನು, ಸ್ಕರ್ಮ."

"ಹಾಗಾದ್ರೆ ಸರಿ" ಎಂದಿತು ಧ್ವನಿ, ಸಮಾಧಾನಗೊಂಡು.